ಕೀ ತಿರುಗಿತು, ಗಾಡಿ ಒಪ್ಪಲಿಲ್ಲ

ಮಾವನ ಪಿಕಪ್ ಟೊಮೆಟೊ ಹೊರುವ ಗಾಡಿ. ಸಂಜೆಯೇ ಬಾಕ್ಸ್ ತುಂಬಿ, ಹಗ್ಗ ಬಿಗಿದು ನಿಲ್ಲಿಸಿದರೆ ಬೆಳಗಿನ ಜಾವ ಕೋಲಾರದ ಮಂಡಿಗೆ ಹೊರಡುವುದು. ಅವತ್ತು ಒರಿಜಿನಲ್ ಕೀ ಎಲ್ಲಿಟ್ಟರೋ ನೆನಪಾಗಲಿಲ್ಲ. ಅವರು ತಲೆ ಕೆಡಿಸಿಕೊಳ್ಳಲೂ ಇಲ್ಲ. ಹದಿನೈದು ದಿನದ ಹಿಂದೆ ಪೇಟೆಯಲ್ಲಿ ನೂರೈವತ್ತು ರೂಪಾಯಿ ಕೊಟ್ಟು ಡೂಪ್ಲಿಕೇಟ್ ಮಾಡಿಸಿದ್ದರು. ಬಾಗಿಲಿಗೆ ಹಾಕಿ ನೋಡಿದ್ದರು, ತೆರೆದುಕೊಂಡಿತ್ತು. ಅಷ್ಟೇ ಸಾಕು ಅಂದುಕೊಂಡಿದ್ದರು.

ಆ ಕೀ ಹಾಕಿ ತಿರುಗಿಸಿದರು. ಸಲೀಸಾಗಿ ತಿರುಗಿತು. ಸೆಲ್ಫ್ ಕೂಡ ಗರಗರ ಅಂತು. ಎಂಜಿನ್ ಮಾತ್ರ ಹಿಡಿಯಲಿಲ್ಲ. ಐದಾರು ಸಲ ಹೊಡೆದರು. ಆಮೇಲೆ ನಾವು ನಾಲ್ಕು ಜನ ಸೇರಿ ತಳ್ಳಿದೆವು. ಲೋಡ್ ಗಾಡಿ ತಳ್ಳುವುದು ಅಂದರೆ ಗೊತ್ತಲ್ಲ, ಸೊಂಟ ಹಿಡಿಯಿತೇ ಹೊರತು ಎಂಜಿನ್ ಹಿಡಿಯಲಿಲ್ಲ. ಕೊನೆಗೆ ಮೆಕ್ಯಾನಿಕ್‌ಗೆ ಫೋನ್. ಅವನು ನಿದ್ದೆಗಣ್ಣಲ್ಲೇ ಕೇಳಿದ್ದು ಒಂದೇ ಪ್ರಶ್ನೆ.

"ಅಣ್ಣಾ, ಮೀಟರ್ ಬೋರ್ಡಲ್ಲಿ ಕೀ ಗುರುತಿನ ಲೈಟ್ ಮಿಟುಕ್ತಾ ಇದೆಯಾ?"

"ಇದೆ ಕಣೋ."

"ಹಂಗಾದ್ರೆ ಸುಮ್ನೆ ಬ್ಯಾಟರಿ ಇಳಿಸ್ಬೇಡಿ. ಗಾಡಿಗೇನೂ ಆಗಿಲ್ಲ. ಅದಕ್ಕೆ ನಿಮ್ಮ ಗುರುತು ಸಿಕ್ತಿಲ್ಲ."

ಒರಿಜಿನಲ್ ಕೀ ಒಗೆಯಲು ಹಾಕಿದ್ದ ಅಂಗಿಯ ಜೇಬಿನಲ್ಲಿ ಸಿಕ್ಕಿತು. ಅದನ್ನು ಹಾಕಿದ ತಕ್ಷಣ ಗಾಡಿ ಏನೂ ಆಗದವರ ಹಾಗೆ ಸ್ಟಾರ್ಟ್ ಆಯಿತು.

ಮೆಕ್ಯಾನಿಕ್ ಹೇಳಿದ ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಕೈಕೊಡದ ಗಾಡಿ ಯಾವುದು ಅಂತ ಕೇಳಿದಾಗ ನಾವು ಎಂಜಿನ್, ಗೇರ್‌ಬಾಕ್ಸ್, ಪಟ್ಟೆ, ಛಾಸಿ ಇಷ್ಟನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಆದರೆ ಅವೆಲ್ಲ ಗಟ್ಟಿಮುಟ್ಟಾಗಿದ್ದೂ ಗಾಡಿ ನಿಂತಲ್ಲೇ ನಿಲ್ಲಬಹುದು. ಕಳ್ಳನನ್ನು ತಡೆಯಲು ಕೂರಿಸಿದ ಕಾವಲುಗಾರ ಮಾಲೀಕನನ್ನೂ ತಡೆಯಬಹುದು. ಅನುಮಾನ ಬಂದಾಗ ಗಾಡಿ ಏನು ಮಾಡಬೇಕು? ಕೀ ತಂತ್ರಜ್ಞಾನದ ನಲವತ್ತು ವರ್ಷದ ಕಥೆ ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸೋಣ. ಗಾಡಿಯಲ್ಲಿ ಮೂರು ಬೀಗ ಇರುತ್ತವೆ, ಮೂರನ್ನೂ ನಾವು 'ಲಾಕ್' ಅಂತಲೇ ಕರೆಯುತ್ತೇವೆ. ಒಂದು, ಕಬ್ಬಿಣದ ಬೀಗ. ಕೀಯ ಹಲ್ಲು ಹೊಂದಿದರೆ ತಿರುಗುತ್ತದೆ, ಸ್ಟೇರಿಂಗ್ ಬಿಡುತ್ತದೆ. ಎರಡು, ಬಟನ್ ಒತ್ತಿದರೆ ಟಕ್ ಅಂತ ಬಾಗಿಲು ತೆಗೆಯುವ ರಿಮೋಟ್. ಮೂರನೆಯದು ಕಣ್ಣಿಗೆ ಕಾಣದ್ದು, ಇಮೊಬಿಲೈಜರ್. ಕೀಯ ಕರಿ ಪ್ಲಾಸ್ಟಿಕ್ ತಲೆಯೊಳಗೆ ಒಂದು ಸೆಂಟಿಮೀಟರ್ ಆಸುಪಾಸಿನ ಪುಟ್ಟ ಚಿಪ್ ಇರುತ್ತದೆ. ಅದು ಸರಿಯಾದ ಉತ್ತರ ಕೊಟ್ಟರೆ ಮಾತ್ರ ಎಂಜಿನ್ನಿನ ಕಂಪ್ಯೂಟರ್ ಡೀಸೆಲ್ ಬಿಡುತ್ತದೆ. ಮಾವನ ಡೂಪ್ಲಿಕೇಟ್ ಕೀಯಲ್ಲಿ ಹಲ್ಲು ಸರಿಯಾಗಿತ್ತು, ಚಿಪ್ ಇರಲಿಲ್ಲ.

ತಳ್ಳಿದರೂ ಯಾಕೆ ಹಿಡಿಯಲಿಲ್ಲ? ಹಳೇ ಡೀಸೆಲ್ ಗಾಡಿಗಳಲ್ಲಿ ಎಂಜಿನ್ ತಿರುಗಿದರೆ ಪಂಪ್ ತಾನೇ ತಿರುಗಿ ಡೀಸೆಲ್ ಚಿಮ್ಮಿಸುತ್ತಿತ್ತು. ಡೀಸೆಲ್ ನಿಲ್ಲಿಸುವ ಒಂದು ಸಣ್ಣ ವಾಲ್ವ್ ತೆರೆದುಕೊಂಡರೆ ಮುಗಿಯಿತು, ಬ್ಯಾಟರಿ ಸತ್ತಿದ್ದರೂ ಇಳಿಜಾರಿನಲ್ಲಿ ಬಿಟ್ಟು ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಸ್ಟಾರ್ಟ್. ಹೊಗೆ ನಿಯಮ ಬಿಗಿಯಾಗುತ್ತಾ ಬಂದ ಹಾಗೆ ಆ ಪಂಪಿನ ಜಾಗಕ್ಕೆ ಕಾಮನ್ ರೇಲ್ ಅನ್ನುವ ಹೊಸ ವ್ಯವಸ್ಥೆ ಬಂತು. ಅದರಲ್ಲಿ ಯಾವ ಸಿಲಿಂಡರಿಗೆ ಎಷ್ಟು ಡೀಸೆಲ್, ಯಾವ ಗಳಿಗೆಯಲ್ಲಿ ಅನ್ನುವುದನ್ನೆಲ್ಲ ಕಂಪ್ಯೂಟರೇ ತೀರ್ಮಾನಿಸುತ್ತದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಹೊಗೆ ನಿಯಮ ಬಂತಲ್ಲ, ಅದಾದ ಮೇಲೆ ಹೊಸ ಗಾಡಿಗಳಲ್ಲಿ ಹಳೇ ಆಟ ನಡೆಯುವುದಿಲ್ಲ. ಕಂಪ್ಯೂಟರ್ ಬೇಡ ಅಂದ ಮೇಲೆ ಊರೆಲ್ಲ ಸೇರಿ ತಳ್ಳಿದರೂ ಬೇಡವೇ.

ಮೊದಲ ಪ್ರಯೋಗ ನಡೆದಿದ್ದು ಅಮೆರಿಕದಲ್ಲಿ

1986ರಲ್ಲಿ ಜನರಲ್ ಮೋಟರ್ಸ್ ತನ್ನ ಶೆವ್ರೊಲೆ ಕಾರ್ವೆಟ್ ಕಾರಿಗೆ ಹೊಸ ಥರದ ಕೀ ಕೊಟ್ಟಿತು. ಲೋಹದ ಕೀಯ ನಡುವೆ ಒಂದು ಕರಿ ಬೊಟ್ಟು. ಒಳಗಿದ್ದದ್ದು ರೇಡಿಯೊ ರಿಪೇರಿಯವರ ಡಬ್ಬಿಯಲ್ಲಿ ಸಿಗುವಂಥ ಸಾಮಾನ್ಯ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಪುಟ್ಟ ಭಾಗ. ಕೀ ಹಾಕಿದಾಗ ಬೀಗದೊಳಗಿನ ಎರಡು ಸಣ್ಣ ಪಟ್ಟಿಗಳು ಅದನ್ನು ಮುಟ್ಟುತ್ತಿದ್ದವು, ಗಾಡಿ ಆ ತಡೆ ಎಷ್ಟು ಓಮ್ ಅಂತ ಅಳೆಯುತ್ತಿತ್ತು. ಒಟ್ಟು 15 ಬೆಲೆಗಳು, 402 ಓಮ್‌ನಿಂದ 11,800 ಓಮ್ ತನಕ. ಅಳತೆ ಹೊಂದದಿದ್ದರೆ ಸ್ಟಾರ್ಟ್ ಇಲ್ಲ.

ಬರೀ 15 ಬೆಲೆ ಅಂದರೆ ಕಳ್ಳ 15 ಕೀ ಇಟ್ಟುಕೊಂಡು ಬಂದರೆ ಆಯಿತು, ಅಲ್ವಾ? ಅದಕ್ಕೂ ಉಪಾಯ ಮಾಡಿದ್ದರು. ತಪ್ಪು ಕೀ ಹಾಕಿದರೆ ಗಾಡಿ ಎರಡರಿಂದ ನಾಲ್ಕು ನಿಮಿಷ ಮುನಿಸಿಕೊಂಡು ಕೂರುತ್ತದೆ. ಆಗ ಸರಿ ಕೀ ಹಾಕಿದರೂ ಕೇಳುವುದಿಲ್ಲ. ನಸೀಬು ಕೆಟ್ಟರೆ ಕಳ್ಳ ಒಂದು ಗಂಟೆ ಬೀದಿಯಲ್ಲಿ ಕೂತು ಕೀ ಬದಲಾಯಿಸುತ್ತಿರಬೇಕು. ಬೀಗ ಗಟ್ಟಿ ಮಾಡುವ ಬದಲು ಕಳ್ಳನ ಸಮಯ ತಿನ್ನುವ ಯೋಚನೆ. ನನಗೆ ಇದು ಬಹಳ ಹಿಡಿಸಿತು.

ಆದರೆ ವರ್ಷಗಟ್ಟಲೆ ಕೀ ಹಾಕಿ ತೆಗೆದು ಮಾಡಿದರೆ ಆ ಪಟ್ಟಿಗಳು ಸವೆಯುತ್ತವೆ. ರೆಸಿಸ್ಟರ್ ಮೇಲೆ ಕೊಳೆ ಕೂರುತ್ತದೆ. ಸ್ಟೇರಿಂಗ್ ಕಂಬದೊಳಗೆ ಕೂದಲಿನಂಥ ವೈರು, ಪ್ರತಿ ಸಲ ಕೀ ತಿರುಗಿಸಿದಾಗ ತಾನೂ ಮಡಚಿಕೊಂಡು ಒಂದು ದಿನ ತುಂಡಾಗುತ್ತದೆ. ಓಮ್ ಲೆಕ್ಕ ತಪ್ಪುತ್ತದೆ. ಮಾಲೀಕ ಕೂತು ನಾಲ್ಕು ನಿಮಿಷ ಎಣಿಸುತ್ತಾನೆ.

ಜನರಲ್ ಮೋಟರ್ಸ್‌ನ ಮುಂದಿನ ಹೆಜ್ಜೆ 1990ರ ದಶಕದ 'ಪಾಸ್‌ಲಾಕ್'. ಅಮೆರಿಕದ ಪಿಕಪ್ಪಿನವರಿಗೆ ಈ ಹೆಸರು ಚೆನ್ನಾಗಿ ಗೊತ್ತು, ಯಾಕೆಂದರೆ 1999ರಲ್ಲಿ ಬಂದ ಶೆವ್ರೊಲೆ ಸಿಲ್ವೆರಾಡೊ ಪಿಕಪ್ಪಿನಲ್ಲಿ ಇದೇ ಇತ್ತು. ಕೀಯಲ್ಲಿ ಏನೂ ಇಲ್ಲ, ಬರೀ ಲೋಹ. ಗುರುತು ಇರುವುದು ಬೀಗದ ಕೊಳವೆಯಲ್ಲಿ. ಸರಿಯಾಗಿ ತಿರುಗಿದರೆ ಒಂದು ಅಯಸ್ಕಾಂತ ಸೆನ್ಸರ್ ಮುಂದೆ ಹಾದುಹೋಗಿ ಗೊತ್ತಾದ ಸಂಕೇತ ಕಳಿಸುತ್ತದೆ. ಸ್ಕ್ರೂಡ್ರೈವರ್ ಹಾಕಿ ಬೀಗ ಒಡೆದು ತಿರುಗಿಸಿದರೆ ಆ ಸಂಕೇತ ಬರುವುದಿಲ್ಲ, ಪೆಟ್ರೋಲ್ ನಿಲ್ಲುತ್ತದೆ. ಕೀ ಅಗ್ಗ, ಡೂಪ್ಲಿಕೇಟ್ ಸುಲಭ, ಕಳ್ಳನಿಗೆ ಕಷ್ಟ. ಕಾಗದದ ಮೇಲೆ ಬಹಳ ಚೆನ್ನಾಗಿದೆ.

ಅಲ್ಲಿ ಪಿಕಪ್ ಅಂದರೆ ಬಾಡಿಗೆ ಗಾಡಿ ಮಾತ್ರ ಅಲ್ಲ. ಎಷ್ಟೋ ಮನೆಗಳಲ್ಲಿ ಕಾರೂ ಅದೇ. ಅಪ್ಪ ಓಡಿಸಿ, ಮಗ ಓಡಿಸಿ, ಆಮೇಲೆ ಮೂರನೇ ಮಾಲೀಕನ ಕೈಗೆ ಹೋಗುತ್ತದೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮೇಲೂ ಎಂಜಿನ್ ಗಟ್ಟಿಯಾಗಿರುತ್ತದೆ. ಆದರೆ ಬೀಗದೊಳಗಿನ ಆ ಸೆನ್ಸರ್? ಅದರ ಆಯಸ್ಸು ಅಷ್ಟಿಲ್ಲ. ಒಂದು ಚಳಿ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಿ, ಎರಡೇ ಸೆಕೆಂಡಿಗೆ ಆರಿಹೋಗುತ್ತದೆ. ಮೀಟರ್ ಬೋರ್ಡಿನಲ್ಲಿ 'ಸೆಕ್ಯುರಿಟಿ' ಲೈಟ್. ಈ ಕಾಯಿಲೆ ಎಷ್ಟು ಸಾಮಾನ್ಯವಾಯಿತೆಂದರೆ ಮದ್ದು ಎಲ್ಲರ ಬಾಯಲ್ಲೂ ಇತ್ತು. ಕೀ ಆನ್ ಮಾಡಿ ಬಿಡು, ಲೈಟ್ ಆರುವ ತನಕ ಹತ್ತು ನಿಮಿಷ ಕಾಯಿ. ಆಫ್ ಮಾಡು. ಬೇಕಾದರೆ ಇನ್ನೆರಡು ಸಲ. ಅಂದರೆ ಅರ್ಧ ಗಂಟೆ. ಆಗ ಗಾಡಿ ಸೆನ್ಸರಿನ ಹೊಸ ಸಂಕೇತವನ್ನೇ ಸರಿ ಅಂತ ಕಲಿತುಕೊಳ್ಳುತ್ತದೆ.

ಇದೇ ಪಾಸ್‌ಲಾಕ್‌ನಲ್ಲಿ ಒಂದು ಒಳ್ಳೇ ಬುದ್ಧಿಯೂ ಇತ್ತು. ಗಾಡಿ ಓಡುತ್ತಿರುವಾಗ ಸೆನ್ಸರ್ ಕೆಟ್ಟರೆ ಲೈಟ್ ಹತ್ತುತ್ತದೆ, ಆದರೆ ಎಂಜಿನ್ ನಿಲ್ಲುವುದಿಲ್ಲ. ಹೈವೇಯಲ್ಲಿ ಲಾರಿಗಳ ನಡುವೆ ಎಂಜಿನ್ ಆರಿಸುವುದು ಕಳ್ಳತನಕ್ಕಿಂತ ದೊಡ್ಡ ಅನಾಹುತ ಅಲ್ವಾ. ಇವತ್ತಿನ ಇಮೊಬಿಲೈಜರ್‌ಗಳೂ ಹಾಗೆಯೇ. ತಕರಾರು ಏನಿದ್ದರೂ ಸ್ಟಾರ್ಟ್ ಮಾಡುವಾಗ. ಓಡುವ ಗಾಡಿ ನಡುವೆ ನಿಂತರೆ ಇಮೊಬಿಲೈಜರ್ ಮೇಲೆ ಗೂಬೆ ಕೂರಿಸಬೇಡಿ, ಬೇರೆ ಕಡೆ ಹುಡುಕಿ.

ಚಿಪ್ ಏನು ಮಾತಾಡುತ್ತದೆ?

ಸವೆಯುವ ಪಟ್ಟಿ, ಮುರಿಯುವ ವೈರು ಯಾವುದೂ ಬೇಡ ಅಂತ ಬಂದದ್ದೇ ಈಗಿನ ಚಿಪ್ ಕೀ. ಫೋರ್ಡ್ ಅಮೆರಿಕದಲ್ಲಿ ಇದನ್ನು 1996ರ ಹೊತ್ತಿಗೆ ಕಾರುಗಳಿಗೆ ಹಾಕಲು ಶುರು ಮಾಡಿತು. ಚಿಪ್ಪಿಗೆ ಬ್ಯಾಟರಿ ಇಲ್ಲ. ಕೀ ತೂತಿನ ಸುತ್ತ ಬಳೆಯ ಹಾಗೆ ಒಂದು ತಾಮ್ರದ ಸುರುಳಿ ಇರುತ್ತದೆ. ಕೀ ಆನ್ ಮಾಡಿದ ಕೂಡಲೇ ಅದು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಅಲೆ ಹೊರಡಿಸುತ್ತದೆ. ಚಿಪ್ಪಿನೊಳಗಿನ ಸುರುಳಿಯಲ್ಲಿ ಅದರಿಂದಲೇ ಒಂಚೂರು ಕರೆಂಟ್ ಹುಟ್ಟುತ್ತದೆ. ಆ ಕರೆಂಟಲ್ಲೇ ಚಿಪ್ ಎದ್ದು ಉತ್ತರ ಕೊಟ್ಟು ಮತ್ತೆ ಮಲಗುತ್ತದೆ. ಅದಕ್ಕೇ ಇಪ್ಪತ್ತು ವರ್ಷದ ಹಳೇ ಚಿಪ್ ಕೀಯೂ ಕೆಲಸ ಮಾಡುತ್ತದೆ.

ಶುರುವಿನ ಚಿಪ್‌ಗಳು ಬರೀ ತಮ್ಮ ನಂಬರ್ ಹೇಳುತ್ತಿದ್ದವು. ನಂಬರ್ ಕದ್ದು ಕೇಳಿಸಿಕೊಂಡರೆ ನಕಲು ಮಾಡಬಹುದು. ಆಮೇಲೆ ಬಂದದ್ದು ಪ್ರಶ್ನೋತ್ತರ. ನೀವೂ ತೋಟದ ಕಾವಲುಗಾರನೂ ಒಂದು ಗುಟ್ಟಿನ ಸೂತ್ರ ಮಾಡಿಕೊಂಡಿದ್ದೀರಿ ಅಂದುಕೊಳ್ಳಿ. ಅವನು ಹೇಳಿದ ಅಂಕಿಯನ್ನು 7ರಿಂದ ಗುಣಿಸಿ 3 ಕೂಡಿಸಬೇಕು. ಅವನು 5 ಅಂದರೆ ನೀವು 38 ಅನ್ನುತ್ತೀರಿ, ಗೇಟ್ ತೆಗೆಯುತ್ತಾನೆ. ಪೊದೆಯಲ್ಲಿ ಕೂತು ಕೇಳಿಸಿಕೊಂಡವನು ನಾಳೆ ಬಂದು 38 ಅಂದರೆ ಪ್ರಯೋಜನವಿಲ್ಲ, ಯಾಕೆಂದರೆ ನಾಳೆ ಕಾವಲುಗಾರ 9 ಅನ್ನುತ್ತಾನೆ. ಉತ್ತರ 66 ಆಗಬೇಕು. ಗುಟ್ಟು ಯಾವತ್ತೂ ಬಾಯಿಂದ ಹೊರಗೆ ಬರುವುದೇ ಇಲ್ಲ.

ಆದರೆ ಪೊದೆಯಲ್ಲಿರುವವನು ಹೈಸ್ಕೂಲ್ ಲೆಕ್ಕ ಬಲ್ಲವನಾದರೆ? 5ಕ್ಕೆ 38, 9ಕ್ಕೆ 66, ಎರಡು ಉತ್ತರ ಸಾಕು, ಸೂತ್ರ ಸಿಕ್ಕಿಹೋಗುತ್ತದೆ. ಹೆಚ್ಚುಕಡಿಮೆ ಇಂಥದ್ದೇ 2005ರಲ್ಲಿ ನಡೆಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಾಡಿದ ಚಿಪ್ಪಿನ ಗುಟ್ಟು 40 ಬಿಟ್‌ನದು. ಅಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆ. ಕೇಳಲು ಬಹಳ ಅನಿಸುತ್ತದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಲ್ಯಾಬೊರೇಟರೀಸ್‌ನ ಸಂಶೋಧಕರು ಎರಡು ಪ್ರಶ್ನೋತ್ತರ ಹಿಡಿದುಕೊಂಡು, ಒಟ್ಟಿಗೆ ಓಡುವ ಚಿಪ್‌ಗಳ ಸಾಲಿನಲ್ಲಿ ಒಂದು ಗಂಟೆಯೊಳಗೆ ಗುಟ್ಟು ಹೊರತೆಗೆದರು. ತಮ್ಮದೇ 2005ರ ಫೋರ್ಡ್ ಗಾಡಿಯನ್ನು ಸ್ಟಾರ್ಟ್ ಮಾಡಿ ತೋರಿಸಿದರು. ಈಗ ಹೊಸ ಚಿಪ್‌ಗಳಲ್ಲಿ 128 ಬಿಟ್ ಸಾಮಾನ್ಯ. ಅಲ್ಲಿ ಎಣಿಸಿ ಮುಗಿಸುವ ಮಾತೇ ಇಲ್ಲ.

ಕಳ್ಳ ಬೀಗ ಮುಟ್ಟುವುದನ್ನೇ ಬಿಟ್ಟ

ಬಟನ್ ಸ್ಟಾರ್ಟ್ ಗಾಡಿಗಳಲ್ಲಿ ಕೀ ಜೇಬಿನಲ್ಲೇ ಇರುತ್ತದೆ. ಬಾಗಿಲ ಹಿಡಿಕೆ ಮುಟ್ಟಿದರೆ ಗಾಡಿ ಮೆಲ್ಲಗೆ 'ಇದ್ದೀಯಾ?' ಅನ್ನುತ್ತದೆ. ಆ ಕೂಗು ಒಂದೆರಡು ಮೀಟರ್ ಅಷ್ಟೇ ಕೇಳಿಸುವುದು. ಕೀ 'ಇದ್ದೀನಿ' ಅನ್ನುತ್ತದೆ, ನಮ್ಮ ಕಡೆ ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ. ಇಲ್ಲಿ ಗಾಡಿ ಒಂದು ವಿಷಯ ಸುಮ್ನೆ ನಂಬಿಬಿಡುತ್ತದೆ. ನನ್ನ ಕೂಗು ಕೇಳಿಸಿದ್ದರೆ ಕೀ ಹತ್ತಿರದಲ್ಲೇ ಇರಬೇಕು ಅಂತ.

ಇಬ್ಬರು ಕಳ್ಳರು. ಒಬ್ಬ ಗಾಡಿ ಪಕ್ಕ, ಇನ್ನೊಬ್ಬ ಮನೆಯ ಬಾಗಿಲ ಹತ್ತಿರ. ಒಳಗೆ ಮೊಳೆಗೆ ನೇತುಹಾಕಿದ ಕೀ. ಇಬ್ಬರ ಕೈಯಲ್ಲೂ ಅಲೆ ಸಾಗಿಸುವ ಪೆಟ್ಟಿಗೆ. ಗಾಡಿಯ ಪಿಸುಮಾತನ್ನು ಕೀಗೆ ಮುಟ್ಟಿಸುತ್ತಾರೆ, ಕೀಯ ಉತ್ತರವನ್ನು ಗಾಡಿಗೆ. ಯಾವ ಗುಟ್ಟನ್ನೂ ಒಡೆಯಬೇಕಿಲ್ಲ. 128 ಬಿಟ್ ಇರಲಿ, ಸಾವಿರ ಬಿಟ್ ಇರಲಿ, ಉತ್ತರ ಕೊಡುವುದು ಅಸಲಿ ಕೀಯೇ. 2011ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ಎಂಟು ಕಂಪನಿಗಳ ಹತ್ತು ಮಾಡೆಲ್ ಮೇಲೆ ಇದನ್ನು ಮಾಡಿ ನೋಡಿದರು. ಹತ್ತೂ ಮೋಸ ಹೋದವು.

ಇದಕ್ಕೆ ಮದ್ದು ದೂರವನ್ನು ನಿಜವಾಗಿ ಅಳೆಯುವುದು. ರೇಡಿಯೊ ಅಲೆ ಒಂದು ನ್ಯಾನೊ ಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತದೆ. ಉತ್ತರ ಬರಲು ಹಿಡಿದ ಸಮಯ ಎಣಿಸಿದರೆ ಕೀ ಜೇಬಿನಲ್ಲಿದೆಯೋ ಮನೆಯ ಮೊಳೆಯಲ್ಲಿದೆಯೋ ತಿಳಿಯುತ್ತದೆ. ಹೊಸ ದುಬಾರಿ ಗಾಡಿಗಳ ಅಲ್ಟ್ರಾ ವೈಡ್‌ಬ್ಯಾಂಡ್ ಕೀ ಮಾಡುವುದು ಇದನ್ನೇ. ಅಷ್ಟು ದುಡ್ಡಿಲ್ಲದವರಿಗೆ ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿ ಸಾಕು. ಅಡುಗೆಮನೆಯಲ್ಲಿ ಒಂದು ಇದ್ದೇ ಇರುತ್ತದೆ. ಕೀ ಒಳಗಿಟ್ಟು, ಡಬ್ಬಿಯನ್ನು ಗಾಡಿ ಪಕ್ಕ ಹಿಡಿದು ಬಾಗಿಲು ತೆಗೆಯುತ್ತದಾ ಅಂತ ಒಮ್ಮೆ ಪರೀಕ್ಷೆ ಮಾಡಿ.

ಇನ್ನೂ ಒಂದು ದಾರಿ ಇದೆ. ಅದು ಬೆಳಕಿಗೆ ಬಂದ ರೀತಿಯೇ ವಿಚಿತ್ರ. 2022ರಲ್ಲಿ ಲಂಡನ್ನಿನಲ್ಲಿ ವಾಹನಗಳ ಸೈಬರ್ ಸುರಕ್ಷತೆಯಲ್ಲೇ ಕೆಲಸ ಮಾಡುವ ಇಯಾನ್ ಟೇಬರ್ ಅವರ ಟೊಯೊಟಾ ರಾವ್4 ಕಳುವಾಯಿತು. ಅದಕ್ಕೆ ಮುಂಚೆ ಯಾರೋ ಅದರ ಹೆಡ್‌ಲೈಟ್ ಹತ್ತಿರದ ವೈರ್ ಕಿತ್ತಿದ್ದರು. ಪುಂಡರ ಕೆಲಸ ಅಂದುಕೊಂಡಿದ್ದರು. ಗಾಡಿಯೊಳಗಿನ ಕಂಪ್ಯೂಟರ್‌ಗಳೆಲ್ಲ 'ಕ್ಯಾನ್' ಅನ್ನುವ ಎರಡೆಳೆ ವೈರಿನ ಮೇಲೆ ಮಾತಾಡಿಕೊಳ್ಳುತ್ತವೆ, ಹೆಡ್‌ಲೈಟ್ ಕೂಡ. ಕಳ್ಳರು ಅಲ್ಲಿಂದ ಒಳಗೆ ಕೂಗಿದ್ದರು: 'ಕೀ ಸರಿ ಇದೆ, ಬಾಗಿಲು ತೆಗಿ'. ಒಳಗಿನವರ ಮಾತನ್ನು ಒಳಗಿನವರು ಅನುಮಾನಿಸುವುದಿಲ್ಲ. ಸಲಕರಣೆಯನ್ನು ಬ್ಲೂಟೂತ್ ಸ್ಪೀಕರ್ ಪೆಟ್ಟಿಗೆಯೊಳಗೆ ಅಡಗಿಸಿ ಮಾರುತ್ತಿದ್ದರು. ಟೇಬರ್ ಮತ್ತು ಕ್ಯಾನ್ ತಜ್ಞ ಕೆನ್ ಟಿಂಡೆಲ್ 2023ರಲ್ಲಿ ಇದನ್ನೆಲ್ಲ ಬಯಲಿಗಿಟ್ಟರು. ಮುಂಬಾಗಿಲಿಗೆ ಬಂಗಾರದ ಬೀಗ, ಹಿತ್ತಲಿಗೆ ತಡಿಕೆ.

ಇಷ್ಟೆಲ್ಲ ಓದಿ 'ಹಾಗಾದರೆ ಇಮೊಬಿಲೈಜರ್ ಬರೀ ತಲೆನೋವು' ಅಂದುಕೊಂಡರೆ ತಪ್ಪಾಗುತ್ತದೆ. ಅದಿಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನೂ ಅಮೆರಿಕವೇ ತೋರಿಸಿತು. ಅಲ್ಲಿ 2011ರಿಂದ 2021ರ ನಡುವೆ ಮಾರಾಟವಾದ ಎಷ್ಟೋ ಹ್ಯುಂಡೈ, ಕಿಯಾ ಕಾರುಗಳಲ್ಲಿ ಕೀ ತಿರುಗಿಸುವ ಸ್ಟಾರ್ಟ್ ಇತ್ತು, ಇಮೊಬಿಲೈಜರ್ ಇರಲಿಲ್ಲ. 2015ರ ಮಾಡೆಲ್‌ಗಳಲ್ಲಿ ಬೇರೆ ಕಂಪನಿಗಳ ಶೇ. 96ರಷ್ಟರಲ್ಲಿ ಅದು ಮಾಮೂಲಾಗಿ ಬರುತ್ತಿದ್ದರೆ, ಇವುಗಳಲ್ಲಿ ಶೇ. 26ರಲ್ಲಿ ಮಾತ್ರ. ಹುಡುಗರು ಕದಿಯುವ ವಿಡಿಯೊ ಮಾಡಿ ಹಾಕಿದರು, ಅದು ಹಬ್ಬಿತು, ಊರೂರಲ್ಲಿ ಕಾರು ಮಾಯವಾದವು. 2023ರಲ್ಲಿ ಕಂಪನಿಗಳು ಸುಮಾರು 83 ಲಕ್ಷ ವಾಹನಗಳಿಗೆ ಸಾಫ್ಟ್‌ವೇರ್ ಬದಲಾಯಿಸಿ ಕೊಡಬೇಕಾಯಿತು. ಪಕ್ಕದ ಕೆನಡಾದಲ್ಲಿ 2007ರ ಸೆಪ್ಟೆಂಬರಿನಿಂದಲೇ ಇಮೊಬಿಲೈಜರ್ ಕಡ್ಡಾಯವಾಗಿದ್ದರಿಂದ ಅಲ್ಲಿ ಈ ಗೋಳು ಇರಲಿಲ್ಲ. ಉಳಿಸಲು ಹೋದದ್ದು ಒಂದು ಚಿಪ್ಪು, ಒಂದು ಸುರುಳಿ ಅಷ್ಟೇ.

ನಿಮ್ಮ ಗಾಡಿ ಬೆಳಿಗ್ಗೆ ಒಪ್ಪದಿದ್ದರೆ

ಮೊದಲು ಲೈಟ್ ನೋಡಿ. ಕೀ ಆನ್ ಮಾಡಿದಾಗ ಕೀ ಅಥವಾ ಬೀಗದ ಗುರುತು ಹತ್ತಿ ಎರಡು ಮೂರು ಸೆಕೆಂಡಿನಲ್ಲಿ ಆರಿದರೆ ಚಿಪ್ಪಿನ ಮಾತುಕತೆ ಸಾಮಾನ್ಯವಾಗಿ ಮುಗಿದಿದೆ ಅಂತ. ತೊಂದರೆ ಬೇರೆ ಕಡೆ, ಡೀಸೆಲ್ ಫಿಲ್ಟರೋ ರಿಲೇಯೋ ನೋಡಬೇಕು. ಬಿಡದೆ ಮಿಟುಕಿದರೆ ಗುರುತಿನ ತಕರಾರು.

ಆಗ ಕೀ ಗೊಂಚಲು ನೋಡಿ. ಒಂದೇ ಬಳೆಯಲ್ಲಿ ಇನ್ನೊಂದು ಚಿಪ್ ಕೀ ಇದ್ದರೆ ಎರಡೂ ಒಟ್ಟಿಗೆ ಉತ್ತರ ಕೊಟ್ಟು ಗಾಡಿಗೆ ಒಂದೂ ಅರ್ಥವಾಗದೆ ಹೋಗಬಹುದು. ಬೇರೆ ಮಾಡಿ ಪ್ರಯತ್ನಿಸಿ. ಎರಡನೇ ಒರಿಜಿನಲ್ ಕೀ ಕೆಲಸ ಮಾಡಿದರೆ ಮೊದಲನೆಯದರ ಚಿಪ್ ಹೋಗಿದೆ. ಎರಡೂ ಆಗದಿದ್ದರೆ ಬ್ಯಾಟರಿ ಕಡೆ ಬನ್ನಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆದಾಗ ತುಂಬಾ ಕೆಳಗೆ ಬಿದ್ದರೆ ಕಂಪ್ಯೂಟರ್ ತಬ್ಬಿಬ್ಬಾಗಿ ಚಿಪ್ ಓದುವುದನ್ನೂ ತಪ್ಪಿಸಬಹುದು. ಟರ್ಮಿನಲ್ ಮೇಲಿನ ಬಿಳಿ ಹಿಟ್ಟು, ಛಾಸಿಗೆ ಕಟ್ಟಿದ ಅರ್ಥಿಂಗ್ ವೈರಿನ ತುಕ್ಕು, ಇವೆರಡನ್ನು ಉಜ್ಜಿದರೆ ಎಷ್ಟೋ 'ಕಂಪ್ಯೂಟರ್ ಪ್ರಾಬ್ಲಂ' ಮಾಯವಾಗುತ್ತದೆ. ಮಣ್ಣು, ನೀರು, ಗೊಬ್ಬರ ಹೊರುವ ಪಿಕಪ್ಪಲ್ಲಂತೂ ಮೊದಲು ನೋಡಬೇಕಾದ ಜಾಗ ಅದೇ.

ಬಟನ್ ಸ್ಟಾರ್ಟ್ ಗಾಡಿಯ ಕೀಯಲ್ಲಿ ಸೆಲ್ ಮುಗಿದಿದ್ದರೆ ಹೆದರಬೇಡಿ. ಬಾಗಿಲಿಗೆ ಕೀಯೊಳಗೇ ಅಡಗಿದ ಸಣ್ಣ ಲೋಹದ ಕೀ ಇದೆ. ಸ್ಟಾರ್ಟ್ ಮಾಡಲು, ಬಹಳಷ್ಟು ಗಾಡಿಗಳಲ್ಲಿ, ಕೀಯನ್ನೇ ಬಟನ್ನಿಗೆ ತಾಗಿಸಿ ಹಿಡಿದರೆ ಸಾಕು. ಬ್ಯಾಟರಿ ಬೇಡದ ಆ ಹಳೇ ಥರದ ಚಿಪ್ ಅಲ್ಲೂ ಇರುತ್ತದೆ. ಕೆಲವು ಗಾಡಿಗಳಲ್ಲಿ ಹಿಡಿಯುವ ಜಾಗ ಬೇರೆ, ಮಾಲೀಕರ ಕೈಪಿಡಿಯಲ್ಲಿ ಒಮ್ಮೆ ನೋಡಿಟ್ಟುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವಾಗ ಟೈರ್ ಒದ್ದು, ಹೊಗೆಯ ಬಣ್ಣ ನೋಡುತ್ತೇವಲ್ಲ, ಹಾಗೇ ಎರಡೂ ಒರಿಜಿನಲ್ ಕೀ ಕೇಳಿ. ಎರಡರಲ್ಲೂ ನಿಮ್ಮ ಕೈಯಾರೆ ಸ್ಟಾರ್ಟ್ ಮಾಡಿ ನೋಡಿ. ಕೀ ಜೊತೆ ಬಂದ ನಂಬರಿನ ಸಣ್ಣ ಬಿಲ್ಲೆ ಇದ್ದರೆ ಅದನ್ನೂ ಇಸ್ಕೊಳ್ಳಿ. ಒಂದು ಕೀ ಇರುವಾಗ ಇನ್ನೊಂದನ್ನು ಗಾಡಿಗೆ ಪರಿಚಯಿಸುವುದು ಸುಲಭ. ಇದ್ದದ್ದೂ ಕಳೆದುಹೋದ ಮೇಲೆ ಎಳೆದುಕೊಂಡು ಹೋಗುವ ಖರ್ಚು, ದಾಖಲೆ, ಕೆಲವು ಗಾಡಿಗಳಲ್ಲಿ ಹೊಸ ಕಂಪ್ಯೂಟರ್ ತನಕ ಹೋಗುತ್ತದೆ.

ಮಾವ ಆಮೇಲೆ ಚಿಪ್ ಇರುವ ಎರಡನೇ ಕೀ ಮಾಡಿಸಿದರು. ಆ ನೂರೈವತ್ತರ ಹತ್ತಾರು ಪಟ್ಟು ಬಿತ್ತು. ಬೈದುಕೊಂಡೇ ಕೊಟ್ಟರು. ಹಳೇ ಡೂಪ್ಲಿಕೇಟನ್ನು ಎಸೆದಿಲ್ಲ, ದೇವರ ಗೂಡಿನ ಪಕ್ಕದ ಮೊಳೆಯಲ್ಲಿದೆ. ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆಯಲು ಈಗ ಅದೇ ಕೀ. ಮುಚ್ಚಳ ಯಾರ ಗುರುತನ್ನೂ ಕೇಳುವುದಿಲ್ಲ.